ಕೋಡ್‌ಗೆ ಬೀಗ ಬೀಳದು, ಖಾತೆಗೆ ಬೀಳುತ್ತದೆ

‘ಓಪನ್ ಸೋರ್ಸ್ ಅಂದಮೇಲೆ ಯಾವ ಸರ್ಕಾರ ತಡೆದೀತು?’ ಓಪನ್ ಸೋರ್ಸ್ ಎಂದರೆ ಯಾರು ಬೇಕಾದರೂ ನೋಡಿ, ಬಳಸಿ, ತಿದ್ದಬಹುದಾದ ತಂತ್ರಾಂಶ; ಬೀದರ್, ಕಲಬುರಗಿಯ ಎಂಜಿನಿಯರಿಂಗ್ ಹುಡುಗರು ಸಲೀಸಾಗಿ ಆಡುವ ಮಾತಿದು. ಅರ್ಧ ಮಾತ್ರ ನಿಜ. 2019ರ ಜುಲೈನಲ್ಲಿ ಇರಾನ್, ಸಿರಿಯಾ, ಕ್ರಿಮಿಯಾದ ಡೆವಲಪರ್‌ಗಳು, ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್ ತೆರೆದರೆ ಅವರ ಖಾಸಗಿ ರೆಪೊಸಿಟರಿಗಳಿಗೆ, ಅಂದರೆ ಕೋಡ್ ಕಣಜಗಳಿಗೆ, ಬೀಗ ಬಿದ್ದಿತ್ತು. ಕೋಡ್‌ನಲ್ಲೇನೂ ದೋಷವಿರಲಿಲ್ಲ. ಗಿಟ್‌ಹಬ್ ಅಮೆರಿಕದ ಕಂಪನಿ, ಅಲ್ಲಿನ ಖಜಾನೆ ಇಲಾಖೆ ಹೇರಿದ ನಿರ್ಬಂಧವನ್ನು ಅದು ಮೀರುವಂತಿಲ್ಲ. ಆ ಇಲಾಖೆ ಪರವಾನಗಿ ಕೊಟ್ಟ ಮೇಲೆಯೇ, 2021ರ ಜನವರಿಯಲ್ಲಿ, ಇರಾನಿನವರಿಗೆ ಮತ್ತೆ ಪೂರ್ತಿ ಸೇವೆ ಸಿಕ್ಕಿತು.

ಇರಾನ್ ಅಂದರೆ ಬೀದರಿನವರಿಗೆ ಮಹಮೂದ್ ಗವಾನ್ ನೆನಪಾಗಲೇಬೇಕು. ಅಲ್ಲಿನ ಗಿಲಾನ್‌ನಿಂದ ಬಂದ ವ್ಯಾಪಾರಿ, ಬಹಮನಿ ಪ್ರಧಾನಿಯಾಗಿ 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿ ಗ್ರಂಥಭಂಡಾರವನ್ನೂ ಕೂಡಿಸಿದ. ಮುಂದೆ ಕೋವಿಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಉರುಳಿತು. ಹಸ್ತಪ್ರತಿಯ ಕಾಲದಲ್ಲಿ ಇದ್ದ ಒಂದೇ ಪ್ರತಿ ಹೋದರೆ ಕೃತಿಯೂ ಹೋದಂತೆ.

ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಇದಕ್ಕೆ ತದ್ವಿರುದ್ಧ. ಕೋಡ್‌ನ ಒಂದೊಂದು ಬದಲಾವಣೆಯನ್ನೂ ದಾಖಲಿಸುವ ಈ ತಂತ್ರಾಂಶದ ಮೇಲೆಯೇ ಗಿಟ್‌ಹಬ್ ನಿಂತಿದೆ. ಗಿಟ್ ಕ್ಲೋನ್ (ನಕಲಿಳಿಸುವ ಆಜ್ಞೆ) ಎಂದು ಹೊಡೆದರೆ ಇವತ್ತಿನ ಕೋಡ್ ಜೊತೆಗೆ ಮೊದಲ ದಿನದಿಂದಿನ ಇತಿಹಾಸವೆಲ್ಲ ನಿಮ್ಮ ಲ್ಯಾಪ್‌ಟಾಪ್‌ಗೆ ಇಳಿಯುತ್ತದೆ. ಪ್ರತಿ ಕಮಿಟ್‌ಗೂ, ಅಂದರೆ ದಾಖಲಾದ ಪ್ರತಿ ಬದಲಾವಣೆಗೂ, ಬೆರಳಚ್ಚಿನಂಥ ಒಂದು ಹ್ಯಾಶ್ ಇರುತ್ತದೆ, ಸಾಮಾನ್ಯವಾಗಿ 40 ಅಕ್ಷರಗಳದ್ದು. ಕಡತಗಳ ಸ್ಥಿತಿ, ಬರೆದವರ ಹೆಸರು, ಸಮಯ, ಹಿಂದಿನ ಕಮಿಟ್‌ನ ಹ್ಯಾಶ್ ಎಲ್ಲ ಸೇರಿಸಿ ಲೆಕ್ಕ ಹಾಕಿದ್ದು ಅದು. ಹತ್ತು ವರ್ಷದ ಹಿಂದಿನ ಹೆಸರಿನಲ್ಲಿ ಒಂದಕ್ಷರ ತಿದ್ದಿ ನೋಡಿ: ಆ ಹ್ಯಾಶ್ ಬದಲಾಗುತ್ತದೆ, ಅದನ್ನು ಒಳಗಿಟ್ಟುಕೊಂಡ ಮುಂದಿನದೂ ಬದಲಾಗುತ್ತದೆ, ಹೀಗೆ ಇವತ್ತಿನವರೆಗೆ. ಕ್ಲೋನ್ ಇಟ್ಟುಕೊಂಡವರು ತಮ್ಮ ಪ್ರತಿಯೊಂದಿಗೆ ಹೋಲಿಸಿದ ಕೂಡಲೇ ಈ ಕಳ್ಳ ತಿದ್ದುಪಡಿ ಗೊತ್ತಾಗುತ್ತದೆ.

2024ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಮೇಂಟೇನರ್‌ಗಳ (ಅದರ ಒಂದೊಂದು ಭಾಗದ ಉಸ್ತುವಾರಿ ಹೊತ್ತವರ) ಪಟ್ಟಿಯಿಂದ ರಷ್ಯಾ ನಂಟಿನ ಹತ್ತು-ಹನ್ನೆರಡು ಮಂದಿಯನ್ನು ತೆಗೆದರು. ಆಗ ಕೊಟ್ಟ ಕಾರಣ, ನಿಯಮಪಾಲನೆ ಎಂಬಷ್ಟೇ ಮೊಟಕು ಮಾತು. ವಿವರಣೆಗೆ ಅಷ್ಟು ಜಿಪುಣತನ ಬೇಕಿರಲಿಲ್ಲ. ಆದರೆ ಅವರು ಬರೆದ ಕಮಿಟ್‌ಗಳಲ್ಲಿ ಅವರ ಹೆಸರು ಹಾಗೇ ಇದೆ, ಲೋಕದ ಎಲ್ಲ ಕ್ಲೋನ್‌ಗಳಲ್ಲೂ.

ಹೆಸರು ಉಳಿಯಿತು, ಅಧಿಕಾರ ಹೋಯಿತು. ಯಾರ ಪ್ಯಾಚ್ (ಕಳಿಸಿದ ತಿದ್ದುಪಡಿ) ಒಪ್ಪಬೇಕು, ಯಾರು ಅದನ್ನು ಮೂಲಕ್ಕೆ ಮರ್ಜ್ ಮಾಡಬೇಕು, ಅಂದರೆ ಸೇರಿಸಬೇಕು, ಎಂಬುದನ್ನು ಹ್ಯಾಶ್ ನಿರ್ಧರಿಸುವುದಿಲ್ಲ. ಗಿಟ್‌ಹಬ್‌ನಲ್ಲಾದರೆ ಇಶ್ಯೂಗಳು (ದೋಷ, ಬೇಡಿಕೆಗಳ ಟಿಪ್ಪಣಿಗಳು), ಪುಲ್ ರಿಕ್ವೆಸ್ಟ್‌ನ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆಯ) ಚರ್ಚೆಗಳು ಕೂಡ ಕ್ಲೋನ್‌ನೊಳಗೆ ಬರುವುದಿಲ್ಲ, ಕಂಪನಿಯ ಸರ್ವರ್‌ನಲ್ಲೇ ಉಳಿಯುತ್ತವೆ. ನಿರ್ಬಂಧದ ಕೈಗೆ ಸಿಗುವುದು ಇವೇ.

ನಮ್ಮ ಕಡೆಯ ಕೆಲವು ಹುಡುಗರಂತೂ ಫೈನಲ್ ಇಯರ್ ಪ್ರಾಜೆಕ್ಟನ್ನು ಜಿಪ್ ಮಾಡಿ ಬ್ರೌಸರ್‌ನಿಂದ ಗಿಟ್‌ಹಬ್‌ಗೆ ಅಪ್‌ಲೋಡ್ ಮಾಡುತ್ತಾರೆ, ಆಮೇಲೆ ಜಾಗ ಸಾಲದೆಂದು ಲ್ಯಾಪ್‌ಟಾಪ್‌ನಲ್ಲಿದ್ದ ಮೂಲವನ್ನೇ ಅಳಿಸುತ್ತಾರೆ. ಇವರ ಕೆಲಸ ಕೈತಪ್ಪಲು ಅಮೆರಿಕದ ಆದೇಶವೇ ಬೇಕಿಲ್ಲ, ಪಾಸ್‌ವರ್ಡ್ ಮರೆತರೂ ಸಾಕು.