ಬುಜಾಂಗ್ ಕಣಿವೆ ಯಾರದ್ದು? ಮುಗಿಯದ ಜಗಳದ ಹಿನ್ನೆಲೆ

ಮಲೇಷ್ಯಾದ ಕೆಡಾ ರಾಜ್ಯದ ಬುಜಾಂಗ್ ಕಣಿವೆಯ ಬಗ್ಗೆ ನಮ್ಮ ಮೊಬೈಲುಗಳಿಗೆ ಬರುವ ಸಂದೇಶಗಳು ಮೂರು ಬಗೆ. ಅಲ್ಲಿದ್ದ ಸಾವಿರ ವರ್ಷದ ಹಿಂದೂ ದೇವಾಲಯವನ್ನು ಬುಲ್ಡೋಜರ್ ಹಚ್ಚಿ ಕೆಡವಿದರು ಎನ್ನುವುದು ಒಂದು. ರಾಜೇಂದ್ರ ಚೋಳ ಗೆದ್ದ ಕಡಾರಂ ಇದೇ ಎನ್ನುವುದು ಇನ್ನೊಂದು. ಆಗ್ನೇಯ ಏಷ್ಯಾದ ಅತಿ ಹಳೆಯ ನಾಗರಿಕತೆ ಇದು, ಹೊರಗಿನವರ ಕೊಡುಗೆಯಲ್ಲ ಎನ್ನುವುದು ಮೂರನೆಯದು. ಮೂರರಲ್ಲೂ ಚೂರುಪಾರು ನಿಜವಿದೆ. ಆದರೆ ಮೂರನ್ನೂ ಒಟ್ಟಿಗೆ ಓದಿದರೆ ತಲೆಬುಡ ತಿಳಿಯುವುದಿಲ್ಲ. ತಕರಾರು ಹೆಸರಿನಲ್ಲೇ ಶುರು: ಬುಜಾಂಗ್ ಎಂದರೆ ಸಂಸ್ಕೃತದ ಭುಜಂಗ ಎನ್ನುವವರಿದ್ದಾರೆ, ಮಲಯ ಭಾಷೆಯಲ್ಲಿ ಅದು ಮದುವೆಯಾಗದವನು ಎಂಬ ಅರ್ಥದ ಮಾಮೂಲಿ ಪದ.

ಮೊದಲು ಜಾಗ ನೋಡೋಣ. ಉತ್ತರಕ್ಕೆ 1,217 ಮೀಟರ್ ಎತ್ತರದ ಜೆರಾಯ್ ಬೆಟ್ಟ, ದಕ್ಷಿಣಕ್ಕೆ ಮುಡಾ ನದಿ, ನಡುವೆ ಮೆರ್ಬೋಕ್ ನದಿಯ ಕೆಸರು ಬಯಲು. ಬಂಗಾಳ ಕೊಲ್ಲಿ ದಾಟಿ ಬರುವ ನಾವಿಕನಿಗೆ ಮೊದಲು ಕಾಣುವುದು ಆ ಬೆಟ್ಟ. ಅದನ್ನು ಗುರುತಿಟ್ಟುಕೊಂಡು ನದಿಯೊಳಗೆ ನುಗ್ಗಿ ಲಂಗರು ಹಾಕಿದರೆ, ಗಾಳಿ ದಿಕ್ಕು ಬದಲಾಗುವವರೆಗೆ ಅಲ್ಲೇ ವ್ಯಾಪಾರ. ಸಂಸ್ಕೃತದಲ್ಲಿ ಇದು ಕಟಾಹ, ತಮಿಳು ಶಾಸನಗಳಲ್ಲಿ ಕಡಾರಂ. ಅರಬ್ಬರ ಬರಹದ ಕಲಹ್ ಕೂಡ ಇದೇ ಇರಬೇಕು ಎಂಬುದು ಬಹಳ ವಿದ್ವಾಂಸರ ಮತ. ಅರಬ್ಬಿಯಲ್ಲಿ ತವರಕ್ಕೆ ಇರುವ ಹೆಸರು ಈ ಕಲಹ್‌ನಿಂದ ಬಂತೆಂದೂ ಅವರಲ್ಲಿ ಹಲವರು ಹೇಳುತ್ತಾರೆ. ಅದೇ ಪದ ಕೈಯಿಂದ ಕೈಗೆ ದಾಟಿ ನಮ್ಮ ಕಲಾಯಿ ಆಯಿತು. ಹಿತ್ತಾಳೆ ಪಾತ್ರೆಗೆ ನವಸಾಗರ ತಿಕ್ಕಿ ತವರ ಬಳಿಯುವ ಕೆಲಸದ ಹೆಸರಿನಲ್ಲಿ ಮಲಯದ ಒಂದು ಬಂದರು ಉಳಿದಿರಬಹುದು ಎಂದು ತಿಳಿದ ದಿನ ನನಗೆ ಆ ಊರು ಇದ್ದಕ್ಕಿದ್ದಂತೆ ಹತ್ತಿರವಾಯಿತು.

ಸಾವಿರ ವರ್ಷದ ಇತಿಹಾಸವನ್ನು ನಾಲ್ಕು ಸಾಲಿಗೆ ಇಳಿಸುವುದಾದರೆ ಹೀಗೆ. 5ನೇ ಶತಮಾನದ ಹೊತ್ತಿಗೆ ಇಲ್ಲಿ ಬೌದ್ಧ ಬರಹಗಳಿವೆ. ಕಟಾಹ ಮತ್ತು ಸುಮಾತ್ರಾದ ಕಡಲ ರಾಜ್ಯ ಶ್ರೀವಿಜಯದ ಅರಸರು ರಾಜರಾಜ ಚೋಳನ ಕಾಲದಲ್ಲಿ ನಾಗಪಟ್ಟಿಣದಲ್ಲಿ ಒಂದು ವಿಹಾರ ಕಟ್ಟಿಸಿದರು. 1025ರ ಸುಮಾರಿಗೆ ಅವನ ಮಗ ರಾಜೇಂದ್ರ ಅದೇ ರಾಜ್ಯದ ಮೇಲೆ ಹಡಗು ಕಳಿಸಿದ; ನಮ್ಮ ಕೋಲಾರ, ತಲಕಾಡು ಆಗ ಅವನ ಕೈಯಲ್ಲೇ ಇದ್ದವು. ಮುಂದೆ ನದಿಮುಖದಲ್ಲಿ ಹೂಳು ತುಂಬಿತು, ಅರಮನೆ ಇಸ್ಲಾಮಿಗೆ ಬಂತು, ವ್ಯಾಪಾರ ಮಲಕ್ಕಾಕ್ಕೆ ಸರಿಯಿತು, ಗುಡಿಗಳ ಮೇಲೆ ಕಾಡು ಬೆಳೆಯಿತು.

ನಂಬಿಕೆ ಬದಲಾದರೂ ಮಾತು ಬದಲಾಗಲಿಲ್ಲ. ಮಲಯ ಮುಸ್ಲಿಮರು ರಂಜಾನ್ ಉಪವಾಸಕ್ಕೆ ಇಂದಿಗೂ ಪುವಾಸಾ ಎನ್ನುತ್ತಾರೆ, ಅದು ಉಪವಾಸವೇ. ಪಾಪಕ್ಕೆ ದೋಸಾ, ಪುಣ್ಯಫಲಕ್ಕೆ ಪಹಾಲಾ, ನರಕಕ್ಕೆ ನೆರಾಕಾ. ಪಾಳುಬಿದ್ದ ಪ್ರಾಚೀನ ಗುಡಿಗೆ ಚಂಡಿ ಎಂಬ ಪದ, ಈಗ ಪೂಜೆ ನಡೆಯುವ ಹಿಂದೂ ಗುಡಿಗೆ ತಮಿಳಿನ ಕೋಯಿಲ್‌ನಿಂದ ಬಂದ ಕುಯಿಲ್. ಎರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡ ಸಮಾಜಕ್ಕೆ ವ್ಯತ್ಯಾಸ ಗೊತ್ತಿತ್ತು ಎಂದೇ ಅರ್ಥ.

ಜಗಳದ ಬೀಜ ಬಿದ್ದದ್ದು ಬ್ರಿಟಿಷರ ಕಾಲದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಜೇಮ್ಸ್ ಲೋ 1830ರ ದಶಕದಲ್ಲಿ ಮುಡಾ ನದಿಯ ದಕ್ಷಿಣಕ್ಕೆ ಒಂದು ಕಲ್ಲು ಕಂಡ. ಅದೀಗ ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂನಲ್ಲಿದೆ. ನಡುವೆ ಕೊಡೆಗಳನ್ನು ಹೊತ್ತ ಸ್ತೂಪ, ಅಕ್ಕಪಕ್ಕ ಸಂಸ್ಕೃತ ಸಾಲುಗಳು. ರಕ್ತಮೃತ್ತಿಕಾದಲ್ಲಿ ವಾಸವಾಗಿದ್ದ ಮಹಾನಾವಿಕ ಬುದ್ಧಗುಪ್ತನದು ಆ ಕಲ್ಲು. ರಕ್ತಮೃತ್ತಿಕಾ ಅಂದರೆ ಕೆಂಪುಮಣ್ಣು. ಬಂಗಾಳದ ಮುರ್ಷಿದಾಬಾದ್ ಕಡೆಯ ಊರದು ಎಂದು ಗುರುತಿಸಿದ್ದಾರೆ. ಅಜ್ಞಾನದಿಂದ ಕರ್ಮ ಕೂಡುತ್ತದೆ, ಕರ್ಮವೇ ಹುಟ್ಟಿಗೆ ಕಾರಣ, ಜ್ಞಾನದಿಂದ ಕರ್ಮ ಕೂಡುವುದಿಲ್ಲ, ಕರ್ಮವಿಲ್ಲದಿದ್ದರೆ ಹುಟ್ಟಿಲ್ಲ ಎಂಬ ಶ್ಲೋಕ ಕೆತ್ತಿಸಿ, ಕೊನೆಗೆ ಎಲ್ಲ ಬಗೆಯಲ್ಲೂ ಯಾತ್ರೆ ಸಿದ್ಧಿಯಾಗಲಿ ಎಂದು ಹಾರೈಸಿಕೊಂಡಿದ್ದಾನೆ. ಗೆದ್ದೆ ಎಂಬ ಮಾತಿಲ್ಲ, ಆಳಿದೆ ಎಂಬ ಮಾತಿಲ್ಲ. ದೂರ ಹೊರಟವನ ಪ್ರಾರ್ಥನೆ, ಅಷ್ಟೇ.

ಅದನ್ನು ಓದಿದವರು ಅಷ್ಟಕ್ಕೇ ನಿಲ್ಲಲಿಲ್ಲ. 1936–37ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಕ್ವಾರಿಚ್ ವೇಲ್ಸ್ ಮತ್ತು ಅವರ ಪತ್ನಿ ಡೊರೊಥಿ ಈ ಕಣಿವೆಯಲ್ಲಿ ಸುಮಾರು 30 ನೆಲೆಗಳನ್ನು ಅಗೆದು ನಂಬರ್ ಕೊಟ್ಟರು. ದೊಡ್ಡ ಕೆಲಸ. ಇಂದಿಗೂ ಎಲ್ಲರೂ ಬಳಸುವುದು ಅವರ ನಂಬರುಗಳನ್ನೇ. ಅದರ ಜತೆ ಬಂದ ವಿವರಣೆ ಮಾತ್ರ ಆ ಕಾಲದ್ದು: ಭಾರತದಿಂದ ಅಲೆಅಲೆಯಾಗಿ ವಲಸೆಗಾರರು ಬಂದರು, ವಸಾಹತು ಕಟ್ಟಿದರು, ಸ್ಥಳೀಯರು ಕಲಿತರು. ಸ್ವತಃ ವಸಾಹತಿನಲ್ಲಿ ಬದುಕುತ್ತಿದ್ದವರಿಗೆ ಇತಿಹಾಸವೂ ವಸಾಹತಿನಂತೆಯೇ ಕಂಡಿತು. ಆಗ್ನೇಯ ಏಷ್ಯಾವೂ ಭಾರತ ಸಂಸ್ಕೃತಿಯ ವಿಸ್ತರಣೆ ಎನ್ನುವ ವಿಶಾಲ ಭಾರತದ ಕಲ್ಪನೆ ಭಾರತದಲ್ಲಿ ಆಗ ಹುರುಪಿನಲ್ಲಿತ್ತು. ನಮ್ಮವರಿಗೂ ಈ ವಿವರಣೆ ಹಿಡಿಸಿತು. ಸ್ವಾತಂತ್ರ್ಯ ಪಡೆದ ಮಲಯಕ್ಕೆ ಅದೇ ವಿವರಣೆ ಮುಳ್ಳಾಗಿ ಚುಚ್ಚಿದ್ದರಲ್ಲಿ ಆಶ್ಚರ್ಯವೇನು?

ಕಟ್ಟಡಗಳು ಹೇಳುವುದೇ ಬೇರೆ. ವೇಲ್ಸ್ 8ನೇ ನಂಬರ್ ಕೊಟ್ಟ ಬುಕಿತ್ ಬಾತು ಪಹಾತ್ ಗುಡಿಯನ್ನು 1960ರ ಹೊತ್ತಿಗೆ ಇತಿಹಾಸಕಾರ ಅಲಿಸ್ಟೇರ್ ಲ್ಯಾಂಬ್ ಮತ್ತೆ ಜೋಡಿಸಿದರು. ಹೊಳೆಯ ಪಕ್ಕದ ಕಲ್ಲುಗುಡ್ಡದಲ್ಲಿ ಗ್ರಾನೈಟ್ ಜಗತಿ, ಗರ್ಭಗುಡಿಯ ಭಾಗವಾದ ಒಂದು ವಿಮಾನ, ಮುಂದೆ ಮಂಟಪ. ನಮ್ಮ ಕಡೆಯವರಿಗೆ ನಕ್ಷೆ ತಕ್ಷಣ ಪರಿಚಿತ ಅನ್ನಿಸುತ್ತದೆ. ಅಡಿಯಲ್ಲಿ ಕಲ್ಲಿನ ಪೆಟ್ಟಿಗೆಗಳೂ ಸಿಕ್ಕವು. ಗುಡಿ ಕಟ್ಟುವಾಗ ಬುಡದಲ್ಲಿ ನಿಧಿ ಇಡುವ ಗರ್ಭನ್ಯಾಸದ ಕ್ರಮದಲ್ಲಿ ಅವುಗಳ ಕುಳಿಗಳಲ್ಲಿ ಲೋಹ, ಹರಳು ಇಟ್ಟಿದ್ದರು. ಇನ್ನು ಮಂಟಪ ನೋಡಿ. ಕಂಬದ ಪೀಠದ ಕಲ್ಲುಗಳು ಸಾಲಾಗಿವೆ, ಕಲ್ಲುಕಂಬ ಒಂದೂ ಇಲ್ಲ. ಅಲ್ಲಿ ನಿಂತಿದ್ದವು ಮರದ ಕಂಬಗಳು, ಮೇಲಿದ್ದದ್ದು ಮರದ ಮಾಡು ಅಥವಾ ಗರಿಯ ಸೂರು. ಅಂದರೆ ಅಡಿಪಾಯದ ವಿಧಿ ಸಮುದ್ರ ದಾಟಿ ಬಂದದ್ದು, ಮೇಲಿನ ಮನೆ ಆ ಊರಿನ ಬಡಗಿಗೆ ಗೊತ್ತಿದ್ದದ್ದು. ಕಲಿತವರು ಆಯ್ದುಕೊಂಡು ಕಲಿತಿದ್ದಾರೆ. ಇದನ್ನು ಭಾರತೀಯ ಎನ್ನಬೇಕೋ ಮಲಯ ಎನ್ನಬೇಕೋ ಎಂದು ಕೇಳುವುದೇ ಆ ಬಡಗಿಗೆ ಮಾಡುವ ಅನ್ಯಾಯ ಎಂದು ನನಗನ್ನಿಸುತ್ತದೆ.

1980ರಲ್ಲಿ ಆ ಗುಡಿಯ ಪಕ್ಕದಲ್ಲೇ ಮ್ಯೂಸಿಯಂ ಬಂತು. ಬೇರೆ ಕಡೆಯ ಕೆಲವು ಗುಡಿಗಳನ್ನು ಬಿಚ್ಚಿ ತಂದು ಅಂಗಳದಲ್ಲಿ ಜೋಡಿಸಿದರು. ಅವು ಉಳಿದವು. ಮಿಕ್ಕ ನೆಲೆಗಳು ಗದ್ದೆ, ರಬ್ಬರ್, ತಾಳೆ ತೋಟಗಳ ನಡುವೆಯೇ ಇದ್ದವು.

2009ರಿಂದ ಇದೇ ಕಣಿವೆಯ ಸುಂಗೈ ಬಾತುವಿನಲ್ಲಿ ಮಲೇಷ್ಯಾ ವಿಜ್ಞಾನ ವಿಶ್ವವಿದ್ಯಾಲಯದ ತಂಡ ಅಗೆಯತೊಡಗಿದಾಗ ಚರ್ಚೆಯ ದಿಕ್ಕೇ ಬದಲಾಯಿತು. ಸಿಕ್ಕಿದ್ದು ಕಬ್ಬಿಣದ ಕುಲುಮೆಗಳು. ತಿದಿಯ ಗಾಳಿಯನ್ನು ಕುಲುಮೆಗೆ ಒಯ್ಯುವ ಜೇಡಿಮಣ್ಣಿನ ಕೊಳವೆಗಳು ರಾಶಿರಾಶಿಯಾಗಿ, ತುದಿ ಕರಗಿ ಕಿಟ್ಟ ಅಂಟಿಕೊಂಡಿದ್ದವು. ಜತೆಗೆ ದಕ್ಕೆಯಂಥ ಇಟ್ಟಿಗೆ ರಚನೆಗಳು, ದುಂಡು ತಳದ ಒಂದು ಸ್ಮಾರಕ. ಇದು ಗುಡಿಗಳ ಊರು ಮಾತ್ರವಲ್ಲ, ಕಬ್ಬಿಣ ಕರಗಿಸಿ ಹಡಗಿಗೆ ಹೇರುತ್ತಿದ್ದವರ ಊರು. ಬೆವರು ಸುರಿಸಿದವರ ಇತಿಹಾಸ ಕೊನೆಗೂ ಮೇಲೆ ಬಂತು.

ಆದರೆ ಸುದ್ದಿಯಾದದ್ದು ವಯಸ್ಸು. ಮೊದಲು ಕ್ರಿ.ಶ. 110 ಎಂದರು. ಕೆಲವೇ ವರ್ಷಗಳಲ್ಲಿ ಅದು ಕ್ರಿ.ಪೂ. 535, ಕ್ರಿ.ಪೂ. 788 ಎಂದು ಹಿಂದೆ ಹಿಂದೆ ಸರಿಯಿತು. 2016ರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಇದನ್ನು ಆಗ್ನೇಯ ಏಷ್ಯಾದ ಅತಿ ಹಳೆಯ ನಾಗರಿಕತೆ ಎಂದು ಸಾರಿದರು. ಅಷ್ಟು ಹಿಂದಿನ ಕಾಲವನ್ನು ಒಪ್ಪದ ಪುರಾತತ್ತ್ವಜ್ಞರಿದ್ದಾರೆ. ಇದ್ದಿಲಿನ ಪರೀಕ್ಷೆ ಹೇಳುವುದು ಮರದ ಕಾಲವನ್ನು. ಹಳೆಯ ಮರದ ತಿರುಳು ಸುಟ್ಟರೆ ಕುಲುಮೆ ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ. ಪದರ ಪದರವಾಗಿ ಹೋಲಿಸಿ ನೋಡದೆ ಒಂದೆರಡು ಅಂಕಿ ಹಿಡಿದು ಘೋಷಣೆ ಹೊರಡಿಸುವುದು ಆ ಕುಲುಮೆಯವರಿಗೆ ಗೌರವ ತರುವ ಕೆಲಸವಲ್ಲ. ಪಕ್ಕದ ಪೆರಾ ರಾಜ್ಯದ ಲೆಂಗೊಂಗ್ ಕಣಿವೆ 2012ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಸಿಕ್ಕ ಪೆರಾ ಮಾನವ ಸುಮಾರು 10,000 ವರ್ಷ ಹಿಂದಿನವನು. ಅವನ ಧರ್ಮ ಯಾವುದೆಂದು ಕೇಳುವವರಿಲ್ಲ.

ಈ ವಾದದಲ್ಲಿ ಹೆಸರೇ ಬಾರದ ಇನ್ನೊಬ್ಬರಿದ್ದಾರೆ. ಹಡಗಿಗೆ ಏರಿದ ಅಗರು, ರಾಳ, ಬೆತ್ತ ಬಂದದ್ದು ಕಾಡಿನಿಂದ. ಅದನ್ನು ಬಲ್ಲವರು ಒರಾಂಗ್ ಅಸ್ಲಿ, ಅಂದರೆ ಮೂಲನಿವಾಸಿಗಳು. ಕೆಡಾದ ಬಾಲಿಂಗ್ ಕಡೆ ಕೆನ್ಸಿಯು ಜನ ಇಂದಿಗೂ ಇದ್ದಾರೆ. ಅವರ ಭಾಷೆ ಮಲಯವೂ ಅಲ್ಲ, ಭಾರತದಿಂದ ಬಂದದ್ದೂ ಅಲ್ಲ.

ಇನ್ನು ಆ ಬುಲ್ಡೋಜರ್. 2013ರ ಕೊನೆಯಲ್ಲಿ 11ನೇ ನಂಬರಿನ ಚಂಡಿ ನೆಲಸಮವಾಗಿರುವುದು ಬೆಳಕಿಗೆ ಬಂತು. ಮನೆ ಕಟ್ಟಲು ನೆಲ ಮಟ್ಟ ಮಾಡುವಾಗ ಹೋಗಿತ್ತು. ಭೂಮಿ ಖಾಸಗಿಯವರದು, ಸಂರಕ್ಷಿತ ನೆಲೆ ಎಂಬ ಅಧಿಸೂಚನೆ ಆಗಿರಲಿಲ್ಲ. ದೇಶದಲ್ಲಿ 2005ರ ಪರಂಪರೆ ಕಾಯಿದೆ ಇತ್ತು, ಪುರಾತತ್ತ್ವದ ಪಟ್ಟಿಯಲ್ಲಿ ನಂಬರ್ ಇತ್ತು, ಎರಡೂ ಭೂದಾಖಲೆಯ ಕಡತವನ್ನು ಮುಟ್ಟಿರಲಿಲ್ಲ. ಇದನ್ನು ಧರ್ಮದ್ವೇಷ ಎಂದು ಓದಿದವರಿಗೆ ಕಡತದ ಕಥೆ ರುಚಿಸಲಿಲ್ಲ. ಆದರೆ ಹೊಲದ ನಡುವೆ ವೀರಗಲ್ಲು ಮಾಯವಾಗುವುದನ್ನು ಕಂಡ ನಮಗೆ ಆ ಕಥೆ ಹೊಸದಲ್ಲ. ಗಲಾಟೆಯ ನಂತರ ಅದನ್ನು ಮತ್ತೆ ಕಟ್ಟಿಸುವ ಮಾತು ಬಂತು. ಮುರಕಲ್ಲು ತಂದು ಅದೇ ಅಳತೆಗೆ ಜೋಡಿಸಬಹುದು. ಅದರ ಬುಡದಲ್ಲಿದ್ದ ಮಣ್ಣಿನ ಪದರ, ಇದ್ದಿಲು, ಮಡಕೆ ಚೂರು ಮಾತ್ರ ಲಾರಿ ಮಣ್ಣಿನ ಜತೆ ಬೆರೆತುಹೋದವು.