ಕೊನೆಗೆ ಡಾಟ್ ಇನ್ ಇದ್ದರೆ ಅದು ಭಾರತದ್ದೇನು?

“ಸರ್ರ, ವಾಟ್ಸಾಪಿಗೆ ಒಂದು ಲಿಂಕ್ ಬಂದೈತಿ. ಕೊನಿಗೆ ಡಾಟ್ ಇನ್ ಐತಿ. ಅಂದ್ರ ನಮ್ಮ ದೇಶದ್ದ ಅಲ್ರಿ? ಒತ್ತಬಹುದೇನ್ರಿ?”

ಇಂಡಿಯಿಂದ ಬರಲಿ, ಜಮಖಂಡಿಯಿಂದ ಬರಲಿ, ಪ್ರಶ್ನೆ ಇದೇ. ಪಿಎಂ ಕಿಸಾನ್ ಕಂತು ಬೀಳುವ ಹೊತ್ತಿಗೆ ಇನ್ನೂ ಜಾಸ್ತಿ. ಎಷ್ಟೋ ಸಲ ಉತ್ತರ ಹೇಳಿಯಾಗಿದೆ. ಈಗ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಉಳಿಸಿಟ್ಟುಕೊಳ್ಳಿ.

ಡಾಟ್ ಇನ್ ಭಾರತಕ್ಕೆ ಕೊಟ್ಟ ಗುರುತು, ಅದು ನಿಜ. ಆದರೆ ಆ ಹೆಸರು ಕೊಂಡವರು ಎಲ್ಲಿಯವರು ಅಂತ ಅದರಿಂದ ಗೊತ್ತಾಗುವುದಿಲ್ಲ. ಈ ತಪ್ಪು ತಿಳಿವಳಿಕೆ ಗಾಡಿ ನಂಬರಿನ ರೂಢಿಯಿಂದ ಬಂದಿರಬೇಕು. ಕೆಎ 22 ಕಂಡರೆ ಬೆಳಗಾವಿ, 28 ವಿಜಯಪುರ, 29 ಬಾಗಲಕೋಟೆ ಅಂತ ಸಣ್ಣ ಹುಡುಗರೂ ಹೇಳುತ್ತಾರೆ. ಆ ನಂಬರ್ ಬೇಕಾದರೆ ಇಲ್ಲಿನ ವಿಳಾಸದ ದಾಖಲೆ ಕೊಡಬೇಕು. ಡಾಟ್ ಇನ್‌ಗೆ ಆ ಕಟ್ಟುಪಾಡಿಲ್ಲ. ಅದನ್ನು ನೋಡಿಕೊಳ್ಳುವುದು ನಿಕ್ಸಿ ಎಂಬ ಸಂಸ್ಥೆ. 2005ರಿಂದ ಅದು ಎಲ್ಲರಿಗೂ ಮುಕ್ತ. ಭಾರತದಲ್ಲಿ ಮನೆಯಾಗಲಿ ಕಚೇರಿಯಾಗಲಿ ಇರಬೇಕಿಲ್ಲ, ಯಾವ ದೇಶದಲ್ಲಿ ಕೂತವರೂ ದುಡ್ಡು ಕಟ್ಟಿ ಕೊಳ್ಳಬಹುದು.

ಇನ್ನೂ ಅನುಮಾನವೇ? ತಿರುಗಿಸಿ ನೋಡಿ. ಅಂಗಡಿಯವರು ಕಳಿಸುವ ವಾಟ್ಸಾಪ್ ಲಿಂಕು ‘ಡಬ್ಲ್ಯುಎ ಡಾಟ್ ಎಂಇ’ ಅಂತ ಶುರುವಾಗುತ್ತದೆ. ಎಂಇ ಯುರೋಪಿನ ಮಾಂಟೆನೆಗ್ರೊ ದೇಶದ ಗುರುತು. ಯೂಟ್ಯೂಬಿನ ಚಿಕ್ಕ ಲಿಂಕಿನಲ್ಲಿ ಬರುವ ‘ಬಿಇ’ ಬೆಲ್ಜಿಯಂನದು. ಡಾಟ್ ಟಿವಿ ಪೆಸಿಫಿಕ್ ಸಾಗರದ ಟುವಾಲು ದ್ವೀಪಗಳದು, ಡಾಟ್ ಎಐ ಕೆರಿಬಿಯನ್‌ನ ಆಂಗ್ವಿಲಾದ್ದು. ಓದಲು ಚೆಂದ, ನೆನಪಿಡಲು ಸುಲಭ ಅಂತ ಕಂಪನಿಗಳು ಇವನ್ನು ಕೊಳ್ಳುತ್ತವೆ. ರಾಮದುರ್ಗದ ಸೀರೆ ಅಂಗಡಿಯವರು ವಾಟ್ಸಾಪ್ ಲಿಂಕ್ ಕಳಿಸಿದರೆ ಅಂಗಡಿ ಮಾಂಟೆನೆಗ್ರೊದಲ್ಲಿದೆ ಅಂತೀರಾ? ಇಲ್ಲ ಅಲ್ವಾ? ಹಾಗಿದ್ದ ಮೇಲೆ ಡಾಟ್ ಇನ್ ಕಂಡ ತಕ್ಷಣ ಭಾರತದವರೇ ಅನ್ನುವುದೂ ಸರಿಯಲ್ಲ.

“ಸರ್ವರ್ ಮುಂಬೈನಲ್ಲಿದೆ ಅಂತ ತೋರಿಸ್ತು” ಅನ್ನುವವರಿಗೂ ಇದೇ ಮಾತು. ಸರ್ವರ್ ಅಂದರೆ ವೆಬ್‌ಪುಟಗಳನ್ನು ಇಡುವ ಕಂಪ್ಯೂಟರ್, ಅದು ಎಲ್ಲಿ ಕೂತವರಿಗೂ ಬಾಡಿಗೆಗೆ ಸಿಗುತ್ತದೆ.

ಹಾಗಾದರೆ ಏನು ನೋಡಬೇಕು? ಎಚ್‌ಟಿಟಿಪಿಎಸ್ ಮುಂದಿನ ಎರಡು ಓರೆಗೆರೆ ಬಿಡಿ. ಅದಾದ ಮೇಲೆ ಬರುವ ಮೊದಲ ಓರೆಗೆರೆಗೆ ಬೆರಳಿಡಿ. ಅಲ್ಲಿಂದ ಎಡಕ್ಕೆ ಓದಿ. ಒಡೆಯ ಯಾರು ಅನ್ನುವುದು ಅಲ್ಲೇ ಇರುತ್ತದೆ. ‘ಪಿಎಂಕಿಸಾನ್ ಡಾಟ್ ಜಿಒವಿ ಡಾಟ್ ಇನ್’ ಸರ್ಕಾರದ್ದು, ಯಾಕೆಂದರೆ ‘ಜಿಒವಿ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಅದನ್ನು ಕೊಡುವುದು ಎನ್‌ಐಸಿ ಎಂಬ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ. ಈಗ ಜಿಒವಿ ಹಿಂದಿನ ಡಾಟ್ ತೆಗೆದು ಸಣ್ಣ ಅಡ್ಡಗೆರೆ ಹಾಕಿ. ‘ಪಿಎಂಕಿಸಾನ್-ಜಿಒವಿ’ ಅಷ್ಟೂ ಸೇರಿ ಒಂದೇ ಹೆಸರಾಯಿತು. ಅಂಥ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಒಂದು ಚುಕ್ಕೆಯಲ್ಲಿ ಇಷ್ಟೆಲ್ಲ ಇದೆ. ಬ್ಯಾಂಕುಗಳಿಗೂ ಈಗ ಬೇರೆ ಗುರುತಿದೆ. 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ಗೆ ಬದಲಾಗಿ ಅಂತ ರಿಸರ್ವ್ ಬ್ಯಾಂಕ್ ಅವಕ್ಕೆ ಹೇಳಿತ್ತು.

ಇನ್ನೂ ತಿಳಿಯಬೇಕಿದ್ದರೆ ಗೂಗಲ್‌ನಲ್ಲಿ ‘ಹೂ ಈಸ್’ ಅಂತ ಹುಡುಕಿ, ಅದು ವಿಳಾಸದ ನೋಂದಣಿ ವಿವರ ತೋರಿಸುವ ಸೇವೆ. ಸಿಕ್ಕ ಪುಟದಲ್ಲಿ ವಿಳಾಸ ಹಾಕಿ. ಕೊಂಡವರ ಹೆಸರು ಸಾಮಾನ್ಯವಾಗಿ ಮುಚ್ಚಿರುತ್ತದೆ. ಆದರೆ ನೋಂದಣಿಯಾದ ದಿನ ಕಾಣುತ್ತದೆ. ಹಳೇ ಬ್ಯಾಂಕಿನ ಹೆಸರು ಹೇಳುವ ವಿಳಾಸ ಹೋದ ವಾರ ಹುಟ್ಟಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ವಿಳಾಸವನ್ನು ಪೂರ್ತಿ ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಕೊನೆಗೆ ‘ಡಾಟ್ ಭಾರತ’ ಅಂತ ಕನ್ನಡ ಲಿಪಿಯಲ್ಲೇ ಬರುತ್ತದೆ. ಅದನ್ನೂ ನಿಕ್ಸಿಯೇ ನೋಡಿಕೊಳ್ಳುತ್ತದೆ. ನಮ್ಮ ಕಡೆ ಇದನ್ನು ಬಳಸುವವರು ಕಾಣುವುದೇ ಅಪರೂಪ, ನನಗೆ ಬೇಜಾರಾಗುವುದು ಅದಕ್ಕೇ. ಅಂಥ ಲಿಂಕನ್ನು ಕಾಪಿ ಮಾಡಿದರೆ ಕೆಲವು ಸಲ ಕನ್ನಡ ಹೋಗಿ ‘ಎಕ್ಸ್‌ಎನ್’, ಎರಡು ಅಡ್ಡಗೆರೆ, ಆಮೇಲೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಕನ್ನಡದ ವಿಳಾಸವಾದರೆ ಹೆದರಬೇಡಿ, ಅದು ಕಂಪ್ಯೂಟರಿನ ಒಳಗಿನ ಬರಹ. ಆದರೆ ಇಂಗ್ಲಿಷಿನಲ್ಲಿ ಕಾಣುತ್ತಿದ್ದ ಬ್ಯಾಂಕ್ ಲಿಂಕು ಹಾಗೆ ಬದಲಾದರೆ ಮುಟ್ಟಬೇಡಿ. ರಷ್ಯನ್ ಲಿಪಿಯಲ್ಲಿ ಇಂಗ್ಲಿಷಿನ ‘ಎ’ ಥರವೇ ಕಾಣುವ ಅಕ್ಷರವಿದೆ, ಮೋಸಗಾರರು ಅದನ್ನು ನಡುವೆ ತೂರಿಸುತ್ತಾರೆ.