ಕಾಲು ಸೆಕೆಂಡು ತಡ

ಫೋಟೋ ತೆಗೆಯೋಕೂ ಕೈಗುಣ ಬೇಕು ಅಂತ ನಮ್ಮ ಕೊಡಗಲ್ಲಿ ತುಂಬಾ ಜನ ಗಟ್ಟಿಯಾಗಿ ನಂಬಿದ್ದಾರೆ. ಯಾರಾದ್ರೂ ತೋಟದಲ್ಲಿ ಕೆಂದಳಿಲು ಒಂದು ಮರದಿಂದ ಇನ್ನೊಂದು ಮರಕ್ಕೆ ಹಾರ್ತಾ ಗಾಳಿಯಲ್ಲಿರೋ ಫೋಟೋನ ಸ್ಟೇಟಸ್ಸಿಗೆ ಹಾಕಿದ್ರೆ ಸಾಕು, ಕೆಳಗೆ ಸಾಲಾಗಿ "ನಿಮ್ಮ ಕೈಗುಣನೇ ಕೈಗುಣ ಅಣ್ಣ" ಅಂತ ಬರತ್ತೆ. ಇದನ್ನ ಓದಿದಾಗೆಲ್ಲ ನನಗೆ ಸುಮ್ಮನಿರೋಕಾಗಲ್ಲ, ಯಾಕಂದ್ರೆ ಆ ಫೋಟೋದಲ್ಲಿ ಕಾಣ್ತಿರೋ ಕ್ಷಣ ಎಷ್ಟೋ ಸಲ ಅವರ ಬೆರಳು ಬಟನ್ ಮುಟ್ಟೋದಕ್ಕೆ ಮುಂಚೆನೇ ಮುಗಿದುಹೋಗಿರತ್ತೆ. ಬೆರಳು ಮುಟ್ಟೋ ಮುಂಚಿನ ಫೋಟೋ ಬೆರಳಿಗೆ ಹೇಗೆ ಸಿಕ್ತು? ಇದರಷ್ಟು ಚಂದದ ಪ್ರಶ್ನೆ ನಮ್ಮ ಜೇಬಲ್ಲಿರೋ ಫೋನಿನ ಬಗ್ಗೆ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಮೊದಲು ನಮ್ಮ ತಡದ ಲೆಕ್ಕ. ಕಣ್ಣಿಗೆ ಏನೋ ಕಂಡು, ಮಿದುಳಿಗೆ ಅದು ಏನು ಅಂತ ತಿಳಿದು, ಅಲ್ಲಿಂದ ಆರ್ಡರ್ ನರದಲ್ಲಿ ಇಳಿದು ಬೆರಳಿನ ಸ್ನಾಯು ಅಲ್ಲಾಡೋಕೆ ಹೆಚ್ಚುಕಮ್ಮಿ ಕಾಲು ಸೆಕೆಂಡು ಬೇಕು. ಎಷ್ಟು ಚುರುಕಾದವರಿಗೂ 200 ಮಿಲಿಸೆಕೆಂಡ್ ಆಸುಪಾಸು ಆಗೇ ಆಗತ್ತೆ. ಕಾಲು ಸೆಕೆಂಡು ಅಂದ್ರೆ ಏನ್ ಮಹಾ ಅನ್ನಿಸಬಹುದು. ಕೊಡವ ಹಾಕಿ ಹಬ್ಬಕ್ಕೆ ಹೋಗಿ ಗೋಲ್ ಹಿಂದೆ ನಿಂತು ನೋಡಿ (1997ರಲ್ಲಿ ಕರಡದಲ್ಲಿ ಶುರುವಾದ ಹಬ್ಬ, ಈಗ ಫೋನ್ ಎತ್ತಿಕೊಂಡಿರದ ಪ್ರೇಕ್ಷಕರೇ ಇಲ್ಲ). ಗಂಟೆಗೆ 100 ಕಿಲೋಮೀಟರ್ ಸ್ಪೀಡಲ್ಲಿ ಹೊಡೆದ ಬಾಲು ಕಾಲು ಸೆಕೆಂಡಲ್ಲಿ ಸುಮಾರು 7 ಮೀಟರ್ ದಾಟಿರತ್ತೆ, ಸ್ಟಿಕ್ಕಿಗೆ ತಾಗಿದ್ದನ್ನ ನೋಡಿ ಒತ್ತಿದವರಿಗೆ ಸಿಗೋದು ಖಾಲಿ ಟರ್ಫು ಮತ್ತೆ ಸ್ಟಿಕ್ ಬೀಸಿ ಮುಗಿಸಿರೋ ಆಟಗಾರ. ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಯಲ್ಲೂ ಇದೇ ಕಥೆ. ಶಬ್ದಕ್ಕೆ ನಾವು ಬೆಳಕಿಗಿಂತ ಒಂದಿಷ್ಟು ಬೇಗ ರಿಯಾಕ್ಟ್ ಮಾಡ್ತೀವಿ ಅನ್ನೋದು ನಿಜ, ಆದ್ರೂ ಢಂ ಅಂದ್ಮೇಲೆ ಒತ್ತಿದ್ರೆ ಕಾಯಿ ಚೂರಾಗಿ ನೆಲಕ್ಕೆ ಬೀಳ್ತಿರತ್ತೆ.

ಈ ತಡ ಮನುಷ್ಯರಿಗೆ ಗೊತ್ತಾಗಿದ್ದೇ ಒಂದು ಅನ್ಯಾಯದಿಂದ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ನಕ್ಷತ್ರ ಟೆಲಿಸ್ಕೋಪಿನ ತಂತಿ ದಾಟೋ ಹೊತ್ತನ್ನ ಗಡಿಯಾರದ ಟಿಕ್ ಟಿಕ್ ಕೇಳ್ತಾ ಬರೆದಿಡಬೇಕಿತ್ತು. ಕಿನ್ನೆಬ್ರೂಕ್ ಅನ್ನೋ ಸಹಾಯಕ ಬರೆದ ಟೈಮು ಅಲ್ಲಿನ ಮುಖ್ಯಸ್ಥ ಮಾಸ್ಕೆಲಿನ್ ಬರೆದಿದ್ದಕ್ಕಿಂತ 0.8 ಸೆಕೆಂಡ್ ತಡ ಬರ್ತಿತ್ತು ಅಂತ 1796ರಲ್ಲಿ ಪಾಪ ಅವನ ಕೆಲಸನೇ ಹೋಯ್ತು. ಸುಮಾರು 25 ವರ್ಷ ಆದ್ಮೇಲೆ ಬೆಸೆಲ್ ಅನ್ನೋ ಜರ್ಮನ್ ಖಗೋಳಜ್ಞ ಇದನ್ನ ಕೆದಕಿ, ಬೇರೆ ಬೇರೆ ಖಗೋಳಜ್ಞರನ್ನ ಹೋಲಿಸಿ ನೋಡಿದ್ರೆ ಒಬ್ಬೊಬ್ಬರದ್ದೂ ಒಂದೊಂದು ತಡ! ಆಮೇಲೆ 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಅನ್ನೋ ಜರ್ಮನ್ ವಿಜ್ಞಾನಿ ಕಪ್ಪೆಯ ನರದಲ್ಲಿ ಸಿಗ್ನಲ್ ಓಡೋ ವೇಗ ಅಳೆದೇ ಬಿಟ್ರು, ಸೆಕೆಂಡಿಗೆ 30 ಮೀಟರ್ ಆಸುಪಾಸು, ಅದನ್ನ ಅಳೆಯೋಕೇ ಆಗಲ್ಲ ಅಂತ ಅವರ ಗುರು ಮ್ಯೂಲರ್ ನಂಬಿದ್ರು. ನಾವು ಕೈಗುಣ ಅಂತಿರೋದರಲ್ಲಿ ಒಂದು ಪಾಲು ಹೀಗೆ ಮಿಲಿಸೆಕೆಂಡಲ್ಲಿ ಅಳೆಯಬಹುದಾದ ವಿಷಯ.

ಈಗ ಫೋನಿಗೆ ಬರೋಣ. ಕ್ಯಾಮೆರಾ ಆ್ಯಪ್ ತೆರೆದ ತಕ್ಷಣ ಬೆಳಕನ್ನ ಚಿತ್ರ ಮಾಡೋ ಸೆನ್ಸರ್ ಕೆಲಸ ಶುರು ಮಾಡಿರತ್ತೆ, ಸ್ಕ್ರೀನಲ್ಲಿ ನಮಗೆ ದೃಶ್ಯ ಕಾಣೋದೇ ಅದರಿಂದ. ಸೆಕೆಂಡಿಗೆ 30 ಫ್ರೇಮ್ ಅಂದ್ಕೊಂಡ್ರೆ 33 ಮಿಲಿಸೆಕೆಂಡಿಗೆ ಒಂದೊಂದು ಚಿತ್ರ ಬರ್ತಾ ಇರತ್ತೆ. ಒಳ್ಳೆ ಫೋನುಗಳು ಇದನ್ನ ತೋರಿಸಿ ಎಸೆದುಬಿಡಲ್ಲ, ಮೆಮೊರಿಯಲ್ಲಿ ಒಂದಿಷ್ಟು ಜಾಗದಲ್ಲಿ ಇತ್ತೀಚಿನ ಕೆಲವು ಫ್ರೇಮುಗಳನ್ನ ಪೂರ್ತಿ ಕ್ವಾಲಿಟಿಯಲ್ಲೇ ಇಟ್ಕೊಂಡಿರ್ತವೆ, ಹೊಸದು ಬಂದ ಹಾಗೆ ತೀರಾ ಹಳೇದರ ಮೇಲೆ ಬರ್ಕೊಂಡು ಸುತ್ತು ಹೊಡೀತಾ ಇರ್ತವೆ, ಅದಕ್ಕೇ ಇದನ್ನ ರಿಂಗ್ ಬಫರ್ ಅನ್ನೋದು. ಮಳೆಗಾಲದಲ್ಲಿ ಮಾಡಿನಿಂದ ಇಳಿಯೋ ನೀರಿಗೆ ಹಂಡೆ ಇಟ್ಟಿರ್ತೀವಲ್ಲ, ಅದು ತುಂಬಿ ಚೆಲ್ತಾ ಇದ್ರೂ ಒಳಗೆ ಹೊಸ ನೀರು ಬಂದು ಸೇರ್ತಾನೇ ಇರತ್ತೆ, ನಾವು ಚೆಂಬು ಅದ್ದಿದಾಗ ಸಿಗೋದು ಆಗಲೇ ಬಿದ್ದಿದ್ದ ನೀರೇ ಹೊರತು ಇನ್ನು ಬೀಳಬೇಕಾದ ಹನಿ ಅಲ್ಲ. ಬಟನ್ ಒತ್ತೋದು ಅಂದ್ರೆ ಚೆಂಬು ಅದ್ದೋದು, ಅಷ್ಟೇ. ಬಟನ್ ಒತ್ತಿದ್ಮೇಲೆ ಫೋಕಸ್ ಮಾಡಿ, ಸೆನ್ಸರ್ ತಯಾರಾಗಿ, ಆಮೇಲೆ ಚಿತ್ರ ತೆಗೀತಿದ್ದ ಹಳೇ ಡಿಜಿಟಲ್ ಕ್ಯಾಮೆರಾಗಳ ಆ ಕಾಯೋ ಹೊತ್ತು ಹೀಗೆ ಮಾಯ ಆಯ್ತು.

ಇದರಿಂದ ಮಾಯ ಆಗೋದು ಕ್ಯಾಮೆರಾದ ತಡ ಮಾತ್ರ, ನಮ್ಮ ಕಾಲು ಸೆಕೆಂಡು ಹಾಗೇ ಉಳಿಯತ್ತೆ. ಅದನ್ನೂ ವಾಪಸ್ ತರಬೇಕು ಅಂದ್ರೆ ಬಫರಲ್ಲಿ ಇನ್ನೂ ಹಿಂದಕ್ಕೆ ಹೋಗಬೇಕು. ಐಫೋನಲ್ಲಿ 2015ರಲ್ಲಿ ಬಂದ ಲೈವ್ ಫೋಟೋ ಒತ್ತಿದ ಹೊತ್ತಿಗಿಂತ 1.5 ಸೆಕೆಂಡ್ ಹಿಂದಿನದನ್ನೂ 1.5 ಸೆಕೆಂಡ್ ಮುಂದಿನದನ್ನೂ ಇಟ್ಕೊಳ್ಳತ್ತೆ, ಎಡಿಟ್ ಒಳಗೆ ಹೋಗಿ ಹಿಂದಿನ ಫ್ರೇಮನ್ನ ಮುಖ್ಯ ಫೋಟೋ ಮಾಡ್ಕೋಬಹುದು. ಮಾರನೇ ವರ್ಷ ಒಲಿಂಪಸ್ ಕಂಪನಿ ದೊಡ್ಡ ಕ್ಯಾಮೆರಾದಲ್ಲೂ ಇದೇ ಉಪಾಯ ತಂತು. ಬಟನ್ ಅರ್ಧ ಒತ್ತಿ ಹಿಡಿದಿದ್ರೆ ಫ್ರೇಮ್ ತುಂಬ್ತಾ ಇರತ್ತೆ, ಮಿಂಚುಳ್ಳಿ ನೀರಿಗೆ ಧುಮುಕಿದ್ದನ್ನ ನೋಡಿ ಪೂರ್ತಿ ಒತ್ತಿದ್ರೂ ಅದು ಕೊಂಬೆ ಬಿಟ್ಟ ಕ್ಷಣ ಸಿಗತ್ತೆ.

ನಮ್ಮ ಕಾಫಿ ತೋಟಕ್ಕೆ ಬಫರಿಂದ ಇನ್ನೊಂದು ಉಪಕಾರ ಇದೆ. ಸಿಲ್ವರ್ ಓಕು, ಹಲಸು, ಅತ್ತಿ ಮರದ ನೆರಳಲ್ಲಿ ಬೆಳಕು ಬಯಲು ಬಿಸಿಲಿಗಿಂತ ಹತ್ತಾರು ಪಟ್ಟು ಕಮ್ಮಿ. ಶಟರ್ ಜಾಸ್ತಿ ಹೊತ್ತು ತೆರೆದ್ರೆ ಅಳಿಲು ಕಲಸಿಹೋಗತ್ತೆ, ಕಮ್ಮಿ ಹೊತ್ತು ತೆರೆದ್ರೆ ಚಿತ್ರದ ತುಂಬಾ ಮರಳು ಎರಚಿದ ಹಾಗೆ ಚುಕ್ಕಿ. ಫೋನು ಕಮ್ಮಿ ಹೊತ್ತಿನ ಹಲವು ಫ್ರೇಮುಗಳನ್ನ ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆಯತ್ತೆ. ಚುಕ್ಕಿ ಒಂದೊಂದು ಫ್ರೇಮಲ್ಲಿ ಒಂದೊಂದು ಕಡೆ ಇರೋದ್ರಿಂದ ಅವು ಕರಗ್ತವೆ, ಕಾಫಿ ಎಲೆ ಎಲ್ಲದರಲ್ಲೂ ಒಂದೇ ಕಡೆ ಇರೋದ್ರಿಂದ ಉಳಿಯತ್ತೆ, 9 ಫ್ರೇಮ್ ಸೇರಿಸಿದ್ರೆ ಚುಕ್ಕಿ ಮೂರನೇ ಒಂದು ಭಾಗಕ್ಕೆ ಇಳಿಯತ್ತೆ, ವರ್ಗಮೂಲದ ಲೆಕ್ಕ ಅದು.

ಆದ್ರೆ ಫ್ಲ್ಯಾಶ್ ಅಥವಾ ನೈಟ್ ಮೋಡ್ ಹಾಕಿದ್ರೆ ಈ ಸೌಕರ್ಯ ಇಲ್ಲ. ಫ್ಲ್ಯಾಶಿನ ಬೆಳಕು ಒತ್ತೋದಕ್ಕೆ ಮುಂಚೆ ಇರ್ಲೇ ಇಲ್ವಲ್ಲ, ಹಳೇ ಫ್ರೇಮ್ ಇಟ್ಕೊಂಡು ಏನ್ ಮಾಡೋದು. ಜೊತೆಗೆ ಜೂನ್ ಜುಲೈ ತಿಂಗಳ ಮಡಿಕೇರಿ ಮಂಜಲ್ಲಿ ಫ್ಲ್ಯಾಶ್ ಹಾಕಿದ್ರೆ ಲೆನ್ಸಿಗೆ ತೀರಾ ಹತ್ತಿರ ಇರೋ ಹನಿಗಳು ಫೋಕಸ್ ತಪ್ಪಿ ದುಂಡಗೆ ಬಿಳೀ ಬಿಲ್ಲೆಗಳ ಹಾಗೆ ಹೊಳೀತವೆ. ಅದನ್ನೇ ಆತ್ಮ, ಗಾಳಿ ಅಂತ ಫಾರ್ವರ್ಡ್ ಮಾಡಿ ಮಕ್ಕಳನ್ನ ಹೆದರಿಸೋರನ್ನ ಕಂಡ್ರೆ ನಿಜವಾಗ್ಲೂ ಬೇಸರ ಆಗತ್ತೆ. ಅದೇ ಜಾಗದಲ್ಲಿ ಫ್ಲ್ಯಾಶ್ ಆಫ್ ಮಾಡಿ ಇನ್ನೊಂದು ತೆಗೀರಿ, ಆ ಬಿಲ್ಲೆಗಳು ಇರಲ್ಲ.

ಮನುಷ್ಯರ ಬೆರಳನ್ನೇ ಬಿಟ್ಟುಬಿಡೋ ದಾರಿ ಇದಕ್ಕಿಂತ ಹಳೇದು. 1878ರಲ್ಲಿ ಮೈಬ್ರಿಜ್ ಅನ್ನೋ ಫೋಟೋಗ್ರಾಫರ್ ಕ್ಯಾಲಿಫೋರ್ನಿಯಾದಲ್ಲಿ 12 ಕ್ಯಾಮೆರಾ ಸಾಲಾಗಿಟ್ಟು, ಓಡೋ ಕುದುರೆ ತಾನೇ ದಾರ ಎಳೆದು ಶಟರ್ ಬಿಡೋ ಹಾಗೆ ಮಾಡಿದ್ರು. ನಾಲ್ಕೂ ಕಾಲು ನೆಲ ಬಿಟ್ಟಿರತ್ತೆ ಅಂತ ಗೊತ್ತಾಗಿದ್ದು ಆಗ, ಅದೂ ಚಿತ್ರಕಾರರು ಬರೀತಿದ್ದ ಹಾಗೆ ಕಾಲು ಚಾಚಿದಾಗಲ್ಲ, ಹೊಟ್ಟೆ ಕೆಳಗೆ ಮಡಚಿದಾಗ. 1920ರ ದಶಕದಲ್ಲಿ ಉತ್ತರ ಭಾರತದ ಕಾಡಲ್ಲಿ ಚಾಂಪಿಯನ್ ಅನ್ನೋ ಅರಣ್ಯ ಅಧಿಕಾರಿ ಹುಲಿ ದಾರೀಲಿ ತಂತಿ ಕಟ್ಟಿ ಹುಲಿಯಿಂದಲೇ ಹುಲಿ ಫೋಟೋ ತೆಗೆಸಿದ್ರು. ನಮ್ಮ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಂಥ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳನ್ನ ಹುಲಿ ಎಣಿಕೆಗೆ ತಂದ್ರು. ಹುಲಿಯಿಂದ ಹುಲಿಗೆ ಪಟ್ಟೆ ಬೇರೆ, ಅದೇ ಹುಲಿ ಎಷ್ಟು ಸಲ ಮತ್ತೆ ಸಿಕ್ತು ಅನ್ನೋದರಿಂದ ಸಿಗದೇ ಇರೋ ಹುಲಿ ಎಷ್ಟು ಅಂತ ಲೆಕ್ಕ ಹಾಕೋ ಅವರ ಪ್ರಬಂಧ 1995ರಲ್ಲಿ ಬಂತು. ಒಂದೇ ಹುಲಿಯ ಎಡಬಲದ ಪಟ್ಟೆಯೂ ಬೇರೆ ಇರೋದ್ರಿಂದ ಎದುರುಬದುರು ಎರಡು ಕ್ಯಾಮೆರಾ ಇಡ್ತಾರೆ.

ನಮಗೆ ಉಳಿದಿರೋದು ಮುಂಚೆನೇ ಊಹಿಸೋದು, ಕೈಗುಣ ಅಂತ ಹೊಗಳಿಸ್ಕೊಳ್ಳೋರು ಗೊತ್ತಿಲ್ಲದೇ ಮಾಡೋದೂ ಇದನ್ನೇ. ಕಾಜಾಣ ಹುಳ ಹಿಡಿಯೋಕೆ ಹಾರಿದ್ರೆ ಎಷ್ಟೋ ಸಲ ಅದೇ ಕೊಂಬೆಗೆ ವಾಪಸ್ ಬರತ್ತೆ, ಹಾಗಾಗಿ ಹಕ್ಕಿ ಹಿಂದೆ ಫೋನ್ ತಿರುಗಿಸೋ ಬದಲು ಖಾಲಿ ಕೊಂಬೆ ಮೇಲೆ ಫೋಕಸ್ ಲಾಕ್ ಮಾಡಿ ಕಾಯ್ಬೇಕು. ಕೆಂದಳಿಲು ಹಾರೋ ಮುಂಚೆ ಕೊಂಬೆ ತುದೀಲಿ ಮೈ ಕುಗ್ಗಿಸತ್ತೆ, ಒತ್ತೋದು ಆಗಲೇ. ಮದುವೆಮನೆ ಗ್ರೂಪ್ ಫೋಟೋದಲ್ಲಿ ಯಾರು ಯಾವಾಗ ಕಣ್ಣು ಮುಚ್ತಾರೆ ಅಂತ ಊಹಿಸೋಕಾಗಲ್ಲ, ಅದಕ್ಕೆ ಆಸ್ಟ್ರೇಲಿಯಾದ ಇಬ್ಬರು ಲೆಕ್ಕ ಹಾಕಿ 2006ರ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಪ್ರಶಸ್ತಿ) ಪಡೆದ್ರು. 20ಕ್ಕಿಂತ ಕಮ್ಮಿ ಜನ ಇದ್ರೆ ಒಳ್ಳೆ ಬೆಳಕಲ್ಲಿ ತಲೆ ಎಣಿಸಿ ಮೂರರಿಂದ ಭಾಗಿಸಿ, ಮಬ್ಬು ಬೆಳಕಲ್ಲಿ ಎರಡರಿಂದ, ಅಷ್ಟು ಫೋಟೋ ತೆಗೆದ್ರೆ ಒಂದರಲ್ಲಾದ್ರೂ ಎಲ್ಲರ ಕಣ್ಣೂ ಬಿಟ್ಟಿರೋ ಸಾಧ್ಯತೆ ತುಂಬಾ ಜಾಸ್ತಿ.

ಆನೆ ವಿಷಯದಲ್ಲಿ ಮಾತ್ರ ದಯವಿಟ್ಟು ಈ ಆಟ ಬೇಡ. ನಾಗರಹೊಳೆ ಕಾಡಂಚಿನ ತಿತಿಮತಿ, ಆನೆಚೌಕೂರು ಕಡೆ ರಸ್ತೇಲಿ ಗಾಡಿ ನಿಲ್ಲಿಸಿ ಇಳಿದು ಫೋನ್ ಎತ್ತೋರನ್ನ ನೋಡಿದ್ರೆ ಎದೆ ಝಲ್ ಅನ್ನತ್ತೆ. ಆನೆ ಗಂಟೆಗೆ 25 ಕಿಲೋಮೀಟರ್ ಸ್ಪೀಡಲ್ಲಿ ಓಡಬಲ್ಲದು, ಸೆಕೆಂಡಿಗೆ ಸುಮಾರು 7 ಮೀಟರ್. ಸ್ಕ್ರೀನ್ ನೋಡ್ತಾ ಇರೋ ಒಂದು ಸೆಕೆಂಡು, ಅದು ನಿಜವಾಗ್ಲೂ ಬರ್ತಿದೆ ಅಂತ ತಿಳಿಯೋಕೆ ಇನ್ನೊಂದು, ತಿರುಗಿ ಓಡೋಕೆ ಮತ್ತೊಂದು, ಅಷ್ಟರಲ್ಲಿ 20 ಮೀಟರ್ ಮುಗೀತು. ಫೋಟೋ ಬೇಕೇ ಬೇಕು ಅಂದ್ರೆ ಗಾಡಿ ನಿಲ್ಲಿಸದೆ ಹಿಂದಿನ ಸೀಟಲ್ಲಿ ಕೂತವರು ಏರಿಸಿದ ಗಾಜಿನ ಒಳಗಿಂದಲೇ ತೆಗೀಲಿ, ಫ್ಲ್ಯಾಶ್ ಆಫ್ ಮಾಡಿ.